ಆರೂ ಒಂದು

ಮುಗಿದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ನಾನು ಎಸೆಯುವವಳಲ್ಲ. ಬೆನ್ನು ಖಾಲಿಯಿರುವ ಅಂಥ ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿ, ದಾರಕ್ಕೆ ಪೋಣಿಸಿ, ಫೋನಿನ ಪಕ್ಕದಲ್ಲಿ ನೇತುಹಾಕಿರುತ್ತೇನೆ. ಇವತ್ತು ಬೆಳಿಗ್ಗೆ ಅದರಲ್ಲೊಂದು ಚೂರಿನ ಮೇಲೆ ಹನ್ನೊಂದು ಅಂಕಿಗಳು ಬಂದು ಕುಳಿತವು. ಕೋಲಾರದಲ್ಲಿರುವ ಮೊಮ್ಮಗಳ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ನಂಬರು. "ಅಜ್ಜಿ, ಬರ್ಕೋ, ದೇವರ ಹತ್ರ ಇಡು" ಎಂದು, ಅಂಕಿಗಳನ್ನು ಇಂಗ್ಲಿಷಿನಲ್ಲಿ ಪಟಪಟನೆ ಹೇಳಿ, "ಅರ್ಧ ಗಂಟೆ ಬಿಟ್ಟು ಮಾಡ್ತೀನಿ, ವಾಪಸ್ ಓದಿ ಹೇಳ್ಬೇಕು, ಸರಿಯಾಗಿ ಬರ್ಕೊಂಡಿದ್ದೀಯೋ ಇಲ್ವೋ ನೋಡ್ತೀನಿ" ಎಂದು ಫೋನಿಟ್ಟಳು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ನನಗೇ ಉಕ್ತಲೇಖನದ ಪರೀಕ್ಷೆ!

ನಂಬರನ್ನು ದೇವರ ಹತ್ತಿರ ಇಡುವುದಕ್ಕೆ ಮೊದಲು ನಾನು ಮಾಡಿದ ಕೆಲಸವನ್ನು ನಿಮಗೆ ಹೇಳಿದರೆ ನಗುತ್ತೀರಿ. ಅಂಕಿಗಳನ್ನೆಲ್ಲ ಕೂಡಿಸಿ ಒಂಬತ್ತಕ್ಕೆ ಶೇಷವಿಲ್ಲದೆ ಹೋಗುತ್ತದೆಯೇ ನೋಡಿದೆ. ಹೋಗಲಿಲ್ಲ. ಹನ್ನೊಂದಕ್ಕೆ ನೋಡಿದೆ. ಏಳಕ್ಕೆ ನೋಡಿದೆ. ಯಾವುದಕ್ಕೂ ಬಗ್ಗಲಿಲ್ಲ. ಇದು ನನ್ನ ಹಳೆಯ ರೋಗ. ಬ್ಯಾಂಕಿನಿಂದ ಓಟಿಪಿ ಬಂದರೆ ಅದು ಹದಿಮೂರಕ್ಕೆ ಹೋಗುತ್ತದೋ ಇಲ್ಲವೋ ಎಂದು ನೋಡುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. ನಾನೀಗ ಇರುವ ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಎದುರು ಹಳಿಯ ಬೋಗಿಗಳ ಮೇಲಿನ ನಂಬರುಗಳನ್ನು ಒಡೆಯುತ್ತ ಕುಳಿತು ಇಳಿಯುವ ಸ್ಟೇಷನ್ ಬಿಟ್ಟದ್ದೂ ಉಂಟು. ಈ ರೋಗವನ್ನು ನನಗೆ ಅಂಟಿಸಿದವನು ಒಬ್ಬ ಬಸ್ ಕಂಡಕ್ಟರ್.

ಅವನ ಹೆಸರು ಮುನಿಶಾಮಿ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನವನು. ನಾವೆಲ್ಲ ಕರೆಯುತ್ತಿದ್ದುದು ಮುನಿಶಾಮಣ್ಣ ಎಂದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿನ ಪಕ್ಕದ ಹಳ್ಳಿ. ಆಂಧ್ರದ ಗಡಿ ಎಷ್ಟು ಹತ್ತಿರವೆಂದರೆ ನಮ್ಮ ಕೋಳಿಗಳು ಬೆಳಿಗ್ಗೆ ಕರ್ನಾಟಕದಲ್ಲಿ ಕೂಗಿ ಮಧ್ಯಾಹ್ನ ಆಂಧ್ರದಲ್ಲಿ ಮೇಯುತ್ತವೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಅಂಥ ಊರಿನಿಂದ ಎಸ್ಸೆಸ್ಸೆಲ್ಸಿಗೆ ಕೂತ ಮೊದಲ ಹುಡುಗಿ ನಾನು. ಗಣಿತದಲ್ಲಿ ಡುಮ್ಕಿ ಹೊಡೆದ ಮೊದಲ ಹುಡುಗಿಯೂ ನಾನೇ. ಮರುವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿ, ವಾರಕ್ಕೆ ಮೂರು ದಿನ ಶ್ರೀನಿವಾಸಪುರಕ್ಕೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ಟ್ಯೂಷನ್ನಿನಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೇ. ಕಲಿತದ್ದು ಬಸ್ಸಿನಲ್ಲಿ.

ಮುನಿಶಾಮಣ್ಣ ಟಿಕೆಟ್ ಹರಿದು ಸುಮ್ಮನೆ ಕೊಡುತ್ತಿರಲಿಲ್ಲ. ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ತೆಗೆದು ಟಿಕೆಟ್ ಮೇಲಿನ ನಂಬರಿನ ಕೆಳಗೆ ಒಂದು ಗೀಟು ಎಳೆದು, "ನಿಂದು ಒಂಬತ್ತಕ್ಕೆ ಹೋಗತ್ತೆ ನೋಡು ತಾತ, ಒಳ್ಳೇ ನಂಬರು" ಎನ್ನುತ್ತಿದ್ದ. ತಾತನಿಗೆ ಒಂಬತ್ತಕ್ಕೆ ಹೋದರೇನು, ಬಿಟ್ಟರೇನು? ಆದರೂ ಟಿಕೆಟನ್ನು ಜೋಪಾನವಾಗಿ ರುಮಾಲಿನ ಮಡಿಕೆಗೆ ಸೇರಿಸುತ್ತಿದ್ದ. ಯಾವುದಕ್ಕೂ ಹೋಗದ ಸಂಖ್ಯೆ ಬಂದರೆ ಮುನಿಶಾಮಣ್ಣನಿಗೆ ಇನ್ನೂ ಖುಷಿ. "ಇದು ಮೊಂಡು ನಂಬರು. ಯಾರ ಮಾತೂ ಕೇಳಲ್ಲ" ಎಂದು ಆ ಟಿಕೆಟನ್ನು ಊರಿನ ಯಾರಾದರೂ ಗಟ್ಟಿಗಿತ್ತಿ ಹೆಂಗಸಿಗೇ ಕೊಡುತ್ತಿದ್ದ. ಪುಸ್ತಕದಲ್ಲಿ ನಾವು ಅವಿಭಾಜ್ಯ ಸಂಖ್ಯೆ ಎಂದು ಬಾಯಿಪಾಠ ಮಾಡಿ ಮರೆತದ್ದು ಇವನ್ನೇ ಎಂದು ನನಗೆ ಗೊತ್ತಾಗಲು ಎರಡು ವಾರ ಬೇಕಾಯಿತು.

ನಾನು ಗಣಿತದಲ್ಲಿ ಫೇಲಾದವಳೆಂದು ಗೊತ್ತಾದ ಮೇಲಂತೂ ಅವನು ನನ್ನನ್ನು ಬಿಡಲಿಲ್ಲ. ಟಿಕೆಟ್ ಕೈಗಿಟ್ಟು, "ಮುಂದಿನ ಸ್ಟಾಪ್ ಬರೋದ್ರೊಳಗೆ ಹೇಳ್ಬೇಕು ಪಾಪಾ. ಯಾವ್ಯಾವುದಕ್ಕೆ ಹೋಗತ್ತೆ?" ಎನ್ನುತ್ತಿದ್ದ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪಾಪ ಎಂದೇ ಕರೆಯುವುದು, ಮದುವೆಯಾಗಿ ಎರಡು ಮಕ್ಕಳಾದರೂ ತಪ್ಪುವುದಿಲ್ಲ. ತಪ್ಪು ಹೇಳಿದರೆ ಅವನು ಬೈಯುತ್ತಿರಲಿಲ್ಲ. "ಶೇಷ ಉಳೀತು" ಎಂದು ಮುಂದಿನ ಸೀಟಿಗೆ ಹೋಗುತ್ತಿದ್ದ. ಆ ಎರಡು ಮಾತು ಬೈಗುಳಕ್ಕಿಂತ ಚೆನ್ನಾಗಿ ನಾಟುತ್ತಿತ್ತು. ಒಮ್ಮೆ ಕೇಳಿದೆ, "ಅಣ್ಣಾ, ಇಷ್ಟು ಲೆಕ್ಕ ಬರೋವಾಗ ಕಂಡಕ್ಟ್ರು ಯಾಕಾದೆ?" ಅವನು ಹಲ್ಲು ಬಿಟ್ಟು ಹೇಳಿದ: "ಇಂಗ್ಲಿಷಲ್ಲಿ ಶೇಷ ಉಳೀತು ಕಣಮ್ಮಾ."

ಏಳಕ್ಕೆ ಹೋಗುತ್ತದೆಯೇ ಎಂದು ನೋಡುವ ಉಪಾಯವೊಂದಿದೆ. ಹೆದರಬೇಡಿ, ಪರೀಕ್ಷೆ ಇಡುವುದಿಲ್ಲ. ಸಂಖ್ಯೆಯ ಕೊನೆಯ ಅಂಕಿಯನ್ನು ಕತ್ತರಿಸಿ, ಅದನ್ನು ಎರಡರಷ್ಟು ಮಾಡಿ, ಉಳಿದ ಭಾಗದಿಂದ ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ಕೊನೆಗೆ ಸೊನ್ನೆಯೋ ಏಳರ ಮಗ್ಗಿಯ ಸಂಖ್ಯೆಯೋ ಬಂದರೆ ಹೋಗುತ್ತದೆ, ಇಲ್ಲವಾದರೆ ಇಲ್ಲ. ಇದನ್ನು ಮುನಿಶಾಮಣ್ಣ ನನಗೆ ಹೇಳಿಕೊಟ್ಟದ್ದು ಬಸ್ಸು ಪಂಕ್ಚರ್ ಆಗಿ ಮಾವಿನ ತೋಪಿನ ಪಕ್ಕ ನಿಂತಿದ್ದಾಗ. ಡ್ರೈವರ್ ಚಕ್ರ ಬಿಚ್ಚುತ್ತಿದ್ದ, ಕಂಡಕ್ಟರ್ ನೆಲದ ಮೇಲೆ ಕಡ್ಡಿಯಿಂದ ಅಂಕಿ ಬರೆಯುತ್ತಿದ್ದ. ಸ್ವಲ್ಪ ಹೊತ್ತು ನೋಡಿ ಡ್ರೈವರ್ ಹೇಳಿದ, "ಲೇ ಮುನಿಶಾಮಿ, ನಿನ್ನ ಏಳು ಆಮೇಲೆ ನೋಡ್ಕೊಳ್ಳೋಣ, ಜಾಕಿ ಹಿಡ್ಕೊಳ್ಳಲೇ."

ಏಳು ಎಂದೆನಲ್ಲ, ಇಲ್ಲಿ ನಮ್ಮಮ್ಮನ ವಿಷಯ ಹೇಳಬೇಕು.

ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಎಣಿಸುವುದು ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಮಾವಿನಕಾಯಿ ಕೊಯ್ಲಿನಲ್ಲಿ ಬುಟ್ಟಿ ಎಣಿಸಲು ಅವಳನ್ನೇ ನಿಲ್ಲಿಸುತ್ತಿದ್ದರು. ರಾಗಿ ಅಳೆಯುವಾಗಲೂ, ಟೊಮೆಟೊ ತುಂಬುವಾಗಲೂ ಅವಳೇ. ನಮ್ಮ ಕಡೆಯ ಎಣಿಕೆ ಒಂದರಿಂದ ಶುರುವಾಗುವುದಿಲ್ಲ, "ಲಾಭ" ಎಂದು ಶುರುವಾಗುತ್ತದೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು ಎಂದು ಬಂದು ಅಲ್ಲಿ ಒಂದು ಗಂಡಾಂತರ ದಾಟಬೇಕು. ತೆಲುಗಿನಲ್ಲಿ ಏಳಕ್ಕೆ "ಏಡು" ಎನ್ನುತ್ತಾರೆ. "ಏಡು" ಎಂದರೆ "ಅಳು" ಎಂದೂ ಆಗುತ್ತದೆ. ಬೆಳೆದ ಬೆಳೆಯ ಮುಂದೆ ನಿಂತು ಅಳು ಎನ್ನುವುದುಂಟೇ? ಆದ್ದರಿಂದ "ಆರುನ್ನೊಕ್ಕಟಿ", ಆರೂ ಒಂದು. ಆಮೇಲೆ ಎಂಟು. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಎಣಿಸಿದರೂ ಇದೇ ಕ್ರಮ. ಕನ್ನಡದ ಏಳು ಪಾಪದ್ದು, ಯಾರನ್ನೂ ಅಳು ಎನ್ನುವುದಿಲ್ಲ, ಎದ್ದೇಳು ಎನ್ನುತ್ತದೆ ಅಷ್ಟೇ. ಆದರೆ ಅಮ್ಮನ ಕಿವಿ ತೆಲುಗಿನದು, ಅವಳು ಯಾವ ಭಾಷೆಯ ಏಳನ್ನೂ ನಂಬುತ್ತಿರಲಿಲ್ಲ. ನಮ್ಮ ಎಮ್ಮೆ ಏಳನೇ ಕರು ಹಾಕಿದಾಗ ಅದನ್ನೂ "ಆರೂ ಒಂದನೇದು" ಎಂದೇ ಕರೆದಳು.

ಆ ವರ್ಷ ನನ್ನ ಹಾಲ್ ಟಿಕೆಟ್ ಬಂತು. ನಂಬರು ಹದಿನೇಳು ಸಾವಿರದ ಆರುನೂರ ನಲವತ್ತು. 17640. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬಸ್ಸಿನಲ್ಲಿ ಮುನಿಶಾಮಣ್ಣನಿಗೆ ತೋರಿಸಿದೆ. ಅವನು ಹಿಂದಿನ ಕಂಬಿಗೆ ಒರಗಿ ಪೆನ್ಸಿಲ್ ತೆಗೆದ. ಎರಡಕ್ಕೆ ಹೋಯಿತು. ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ಹೋಯಿತು. ಎರಡು ಸ್ಟಾಪಿನಲ್ಲಿ ಹತ್ತಿದವರಿಗೆ ಟಿಕೆಟ್ ಕೊಡುವುದನ್ನೇ ಮರೆತ. ಏಳಕ್ಕೆ ಬಂದಾಗ ಪೆನ್ಸಿಲ್ ತುದಿ ನೆಕ್ಕಿಕೊಂಡ. ಸೊನ್ನೆ ಕತ್ತರಿಸಿದರೆ 1764. ನಾಲ್ಕು ಕತ್ತರಿಸಿ ಎಂಟು ಕಳೆದರೆ 168. ಎಂಟು ಕತ್ತರಿಸಿ ಹದಿನಾರು ಕಳೆದರೆ, ಹದಿನಾರರಲ್ಲಿ ಹದಿನಾರು ಹೋಗಿ ಸೊನ್ನೆ. ಭಾಗಿಸಿ ನೋಡಿದ, 2520 ಬಂತು. ಅದನ್ನು ಇನ್ನೊಮ್ಮೆ ಏಳಕ್ಕೆ ಭಾಗಿಸಿದ, 360 ಬಂತು. ಸೀಟಿ ಊದಿಯೇ ಬಿಟ್ಟ. ಸ್ಟಾಪಿಲ್ಲದ ಕಡೆ ಬಸ್ಸು ನಿಂತಿತು.

"ಪಾಪಾ, ಇದು ಮದುವೆ ಮನೆ ಇದ್ದಂಗೆ ಕಣಮ್ಮಾ! ಒಂದರಿಂದ ಹತ್ತರವರೆಗೂ ಯಾರು ಬಂದು ಎಲೆ ಹಾಕ್ಕೊಂಡ್ರೂ ಊಟ ಐತೆ. ಯಾರಿಗೂ ಕಮ್ಮಿ ಇಲ್ಲ, ಏನೂ ಮಿಗೋದೂ ಇಲ್ಲ. ಏಳಂತೂ ಎರಡು ಸಲ ಊಟಕ್ಕೆ ಕೂತ್ಕೊಳ್ತದೆ!"

ಸಾವಿರಾರು ನಂಬರುಗಳಲ್ಲಿ ಇಂಥದ್ದು ಬಹಳ ಅಪರೂಪ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಂದು ತಿಳಿದದ್ದು ಇಷ್ಟೇ: ನನ್ನ ಪಾಲಿಗೆ ಬಂದ ನಂಬರನ್ನು ನೋಡಿ ಒಬ್ಬ ಮನುಷ್ಯನಿಗೆ ಇಷ್ಟು ಸಂತೋಷವಾಯಿತು. ಒಂದು ವರ್ಷದಿಂದ ಫೇಲಾದವಳು ಎನ್ನಿಸಿಕೊಂಡಿದ್ದವಳಿಗೆ ಅದು ಸಣ್ಣ ವಿಷಯವಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮದುವೆ ಮನೆ ಎಂದದ್ದು ಅವಳಿಗೆ ಹಿಡಿಸಿತು, ಊಟಕ್ಕೆ ಕೂತವನ ಹೆಸರು ಹಿಡಿಸಲಿಲ್ಲ. ಆದರೂ ನಂಬರನ್ನು ಬಾಯಿಪಾಠ ಮಾಡಿಸು ಎಂದು ನನ್ನ ಬೆನ್ನು ಹತ್ತಿದಳು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ, ರೇಷ್ಮೆ ಹುಳುವಿನ ತಟ್ಟೆಗಳನ್ನು ಸರಿಸುತ್ತ, "ಒಂದು, ಆರೂ ಒಂದು, ಆರು, ನಾಕು, ಸೊನ್ನೆ" ಎಂದು ಮಂತ್ರದಂತೆ ಹೇಳಿಕೊಳ್ಳುತ್ತಿದ್ದಳು. ನನಗೆ ಅದರಲ್ಲಿ ತಪ್ಪೇನೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಕಿವಿಗೆ ಬೀಳುವುದೇ ಇಲ್ಲ ನೋಡಿ.

ಪರೀಕ್ಷೆ ಬರೆದೆ. ಈ ಸಲ ಪಾಸಾದರೆ ಕೋಲಾರದಲ್ಲಿ ಟೀಚರ್ ಟ್ರೈನಿಂಗಿಗೆ ಸೇರುವುದು, ಇಲ್ಲವಾದರೆ ಓದಿಗೆ ನಮಸ್ಕಾರ. ಅಪ್ಪ ಕೆಟ್ಟವರಲ್ಲ. ಒಂದು ಸಲ ಸೋತ ಮಗಳಿಗೆ ಇನ್ನೊಂದು ಸಲ ಅವಕಾಶ ಕೊಟ್ಟ ಅಪ್ಪಂದಿರು ಆಗ ನಮ್ಮೂರಿನಲ್ಲಿ ಬೇರೆ ಇರಲಿಲ್ಲ. ಮೂರನೆಯದನ್ನು ಕೇಳುವ ಮುಖ ನನಗೂ ಇರಲಿಲ್ಲ.

ಫಲಿತಾಂಶದ ದಿನ ನಾನು ಶ್ರೀನಿವಾಸಪುರಕ್ಕೆ ಹೋಗಲಿಲ್ಲ. ಹಿಂದಿನ ವರ್ಷ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಎಲ್ಲರ ಮುಂದೆ, ಪೇಪರಿನ ಸಣ್ಣ ಅಕ್ಷರದಲ್ಲಿ ನನ್ನ ನಂಬರನ್ನು ಮೂರು ಸಲ ಹುಡುಕಿ ಬರಿಗೈಲಿ ಬಂದವಳು ನಾನು. ಕಾಲು ಏಳಲಿಲ್ಲ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಹಸಿದು ಎದ್ದಿವೆ, ಸೊಪ್ಪಿಗೆ ಕೈ ಬೇಕು ಎಂದು ನೆಪ ಹೇಳಿದೆ. ಅಮ್ಮ ಸೆರಗು ಸರಿಮಾಡಿಕೊಂಡು, "ನಾನ್ ಹೋಗ್ಬರ್ತೀನಿ" ಎಂದಳು. ಚೀಟಿಯಲ್ಲಿ ಬರೆದುಕೊಡುತ್ತೇನೆ ಎಂದರೆ, "ಯಾಕೆ? ಚೀಟಿ ಕಳ್ದೋಗ್ತದೆ. ಬಾಯಲ್ಲಿರೋದು ಕಳ್ದೋಗಲ್ಲ" ಎಂದಳು. ಅವಳಿಗೆ ಅದೊಂದು ಹೆಮ್ಮೆ. ಅಷ್ಟು ದೊಡ್ಡ ನಂಬರನ್ನು ಓದು ಬಾರದ ತಾನು ಹೊತ್ತುಕೊಂಡು ಹೋಗುತ್ತಿದ್ದೇನೆ ಎಂದು.

ಅಂದು ಮುನಿಶಾಮಣ್ಣನಿಗೆ ವಾರದ ರಜೆ. ಅಮ್ಮ ಬೇರೆ ಕಂಡಕ್ಟರನ ಬಸ್ಸಿನಲ್ಲಿ ಹೋಗಿ ಹೋಟೆಲಿನ ಮುಂದೆ ನಿಂತಳು. ಪೇಪರ್ ಹಿಡಿದು ಓದುಬಾರದವರಿಗೆ ನಂಬರು ನೋಡಿ ಹೇಳುತ್ತಿದ್ದವನು ಮಾಲೂರಿನಿಂದ ಹೊಸದಾಗಿ ಬಂದಿದ್ದ, ನಮ್ಮ ಕಡೆಯ ಎಣಿಕೆ ಗೊತ್ತಿಲ್ಲದ ಒಬ್ಬ ಗುಮಾಸ್ತ. ಅಮ್ಮ ಕಣ್ಣು ಮುಚ್ಚಿ ಒಪ್ಪಿಸಿದಳು. ಅವನು ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡ: ಒಂದು, ಆರು, ಒಂದು, ಆರು, ನಾಲ್ಕು, ಸೊನ್ನೆ. 161640. ಆ ವರ್ಷದ ನಂಬರುಗಳಲ್ಲಿ ಐದಂಕಿಯವೂ ಇದ್ದವು, ಆರಂಕಿಯವೂ ಇದ್ದವು, ಅವನಿಗೆ ಅನುಮಾನ ಬರಲು ಕಾರಣವಿರಲಿಲ್ಲ. ಪಾಪ, ಎರಡು ಸಲ ಹುಡುಕಿದನಂತೆ. "ಇಲ್ಲಮ್ಮ" ಎಂದು, ಅಮ್ಮ ನಂಬದೆ ನಿಂತಿದ್ದನ್ನು ನೋಡಿ ಚೀಟಿಯಲ್ಲಿ ನಂಬರು ಬರೆದು ಪಕ್ಕದಲ್ಲಿ "ಇಲ್ಲ" ಎಂದು ಗುರುತು ಮಾಡಿ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಅವನ ಊರಿನಲ್ಲೇ ಮನೆ ಮಾಡಿ ಮುದುಕಿಯಾಗಿದ್ದೇನೆ.

ಅಮ್ಮ ಮನೆಗೆ ಬಂದು ಚೀಟಿ ತೋರಿಸಲಿಲ್ಲ. ಅದನ್ನು ಎಲೆಯಡಿಕೆ ಚೀಲದೊಳಗೆ ಸೇರಿಸಿ, ನನ್ನ ತಲೆಯ ಮೇಲೆ ಕೈಯಿಟ್ಟು, "ಇಲ್ಲವಂತೆ ಪಾಪಾ" ಎಂದಳು. ನಾನೂ ಚೀಟಿ ಕೇಳಲಿಲ್ಲ. ಫೇಲಾಗುವುದರಲ್ಲಿ ಅನುಭವವಿದ್ದವಳಿಗೆ ಸಾಕ್ಷಿ ಬೇಕಿರಲಿಲ್ಲ. ಅಪ್ಪ ಊಟದ ನಡುವೆ, "ಹೋಗ್ಲಿ ಬಿಡು. ಓದು ಎಲ್ರಿಗೂ ಅಂಟಲ್ಲ. ಬಿದ್ದಿರೋ ಕೆಲ್ಸ ಬೇಕಾದಷ್ಟೈತೆ" ಎಂದರು. ಅಷ್ಟೇ. ಮರುದಿನ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಟ್ರೈನಿಂಗಿಗೆ ಅರ್ಜಿ ಹಾಕಲು ಆ ವಾರವೇ ಕೊನೆ ಎಂಬುದನ್ನು ಮರೆಯಲು ನೋಡಿದೆ, ಆಗಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ತೋಟದ ಒಳಕ್ಕೆ ಸರಿಯುತ್ತಿದ್ದೆ. ಮುನಿಶಾಮಣ್ಣನಿಗೆ ಮುಖ ತೋರಿಸುವುದು ಹೇಗೆ? ಮದುವೆ ಮನೆಯಂಥ ನಂಬರಿಟ್ಟುಕೊಂಡು ಉಪವಾಸ ಬಂದವಳು!

ಮೂರನೆಯ ದಿನ ಅಮ್ಮ ಸಂತೆಗೆ ಹೊರಟಳು. ಆ ದಿನ ಬಸ್ಸಿನಲ್ಲಿ ನಡೆದದ್ದನ್ನು ಅಮ್ಮ ಒಂದು ರೀತಿ ಹೇಳುತ್ತಿದ್ದಳು, ಮುನಿಶಾಮಣ್ಣ ಇನ್ನೊಂದು ರೀತಿ. ಎರಡನ್ನೂ ಸೇರಿಸಿ ಹೇಳುತ್ತೇನೆ.

"ಏನಮ್ಮಾ, ಪಾಪಂದು ಏನಾಯ್ತು?" ಎಂದು ಅವನು ಕೇಳಿದ. ಅಮ್ಮ ಚೀಲದಿಂದ ಚೀಟಿ ತೆಗೆದುಕೊಟ್ಟಳು. ಓದು ಬಾರದವಳಿಗೆ ಬರೆದ ಕಾಗದವನ್ನು ಬಿಸಾಡುವ ಧೈರ್ಯವಿರಲಿಲ್ಲ. ಅದಕ್ಕೆ ಸುಣ್ಣದ ಕಲೆ ಬೇರೆ ಹತ್ತಿತ್ತು. ಮುನಿಶಾಮಣ್ಣ ನೋಡಿದ. ನನ್ನ ನಂಬರು ಅವನಿಗೆ ನೆನಪಿರಲಿಲ್ಲ. ದಿನಕ್ಕೆ ನೂರಾರು ಟಿಕೆಟ್ ಹರಿಯುವವನಿಗೆ ಅಂಕಿ ನೆನಪಿಡುವುದು ಎಲ್ಲಾದರೂ ಆಗುತ್ತದೆಯೇ? ಆದರೆ ಅದರ ಗುಣ ನೆನಪಿತ್ತು. ಪೆನ್ಸಿಲ್ ತೆಗೆದು ಶುರುಮಾಡಿದ. ಎರಡಕ್ಕೆ ಹೋಯಿತು, ನಾಲ್ಕಕ್ಕೆ ಹೋಯಿತು, ಐದಕ್ಕೆ, ಎಂಟಕ್ಕೆ ಹೋಯಿತು. ಅಂಕಿ ಕೂಡಿದರೆ ಹದಿನೆಂಟು, ಒಂಬತ್ತಕ್ಕೂ ಹೋಯಿತು. ಹೋಗದೆ ಏನು? ಅಮ್ಮ ಏಳನ್ನು ಒಡೆದು ಆರೂ ಒಂದು ಮಾಡಿದ್ದರೂ ಮೊತ್ತ ಅಷ್ಟೇ ಇತ್ತಲ್ಲ. ಆಮೇಲೆ ಏಳಕ್ಕೆ ಬಂದ. ಸೊನ್ನೆ ಕತ್ತರಿಸಿದರೆ 16164. ನಾಲ್ಕು ಕತ್ತರಿಸಿ ಎಂಟು ಕಳೆದರೆ 1608. ಎಂಟು ಕತ್ತರಿಸಿ ಹದಿನಾರು ಕಳೆದರೆ 144. ನಾಲ್ಕು ಕತ್ತರಿಸಿ ಎಂಟು ಕಳೆದರೆ ಆರು. ಆರರಲ್ಲೇ ನಿಂತುಬಿಟ್ಟಿತು. (ಈ ಉಪಾಯದಲ್ಲಿ ಕೊನೆಗೆ ನಿಲ್ಲುವುದು ನಿಜವಾದ ಶೇಷವಲ್ಲ, ಇಡೀ 161640 ಅನ್ನು ಭಾಗಿಸಿ ನೋಡಿದರೆ ಮೂರು ಉಳಿಯುತ್ತದೆ. ಟೀಚರ್ ಬುದ್ಧಿ, ಹೇಳದಿದ್ದರೆ ನಿದ್ದೆ ಬರುವುದಿಲ್ಲ.)

"ಅಮ್ಮಾ, ಇದು ಪಾಪನ ನಂಬರಲ್ಲ" ಎಂದ.

"ಅವಳ್ದೇ ಕಣಪ್ಪ. ಸರ್ಯಾಗೇ ಹೇಳಿದೀನಿ."

"ಅವಳ ನಂಬರಲ್ಲಿ ಏಳು ಎರಡು ಸಲ ಊಟಕ್ಕೆ ಕೂತಿತ್ತಮ್ಮ. ಇದರಲ್ಲಿ ಒಂದ್ ಸಲಾನೂ ಕೂರ್ತಿಲ್ಲ. ನೋಡಿ, ಆರಕ್ಕೆ ನಿಂತೋಯ್ತು. ಆರೂ, ಇನ್ನೊಂದು ಇದ್ದಿದ್ರೆ..."

"ನಾನೂ ಅದೇ ಅಲ್ವೇನಪ್ಪ ಹೇಳಿದ್ದು? ಆರೂ ಒಂದು ಅಂತ."

"ಏನು ಹೇಳಿದ್ರಿ? ಇನ್ನೊಂದ್ ಸಲ ಹೇಳಿ."

"ಒಂದು. ಆರೂ ಒಂದು. ಆರು. ನಾಕು. ಸೊನ್ನೆ."

ಅವನು ಸೀಟಿ ಊದಿದ ಸದ್ದಿಗೆ ಡ್ರೈವರ್ ಯಾರೋ ಬಿದ್ದರೆಂದು ಬ್ರೇಕ್ ಹಾಕಿದನಂತೆ. "ಅಮ್ಮಾ, ಮಗಳ ನಂಬರಿನ ಏಳನ್ನ ನುಂಗ್ಬಿಟ್ರಲ್ಲಮ್ಮಾ!" ಎಂದು ಮುನಿಶಾಮಣ್ಣ ತಲೆ ಚಚ್ಚಿಕೊಂಡ. ಶ್ರೀನಿವಾಸಪುರ ತಲುಪಿದ ಕೂಡಲೇ ಅಮ್ಮನನ್ನು ಕರೆದುಕೊಂಡು ಹೋಟೆಲಿಗೆ ಓಡಿದ. ಮೂರು ದಿನ ಹಳೆಯ ಪೇಪರಿನಲ್ಲಿ ಅದಾಗಲೇ ಬೋಂಡಾ ಕಟ್ಟಲು ಶುರುವಾಗಿತ್ತು. ನಂಬರುಗಳಿದ್ದ ಹಾಳೆಗಳು ಇನ್ನೂ ಉಳಿದಿದ್ದವು. ನಮ್ಮ ದೇವರು ದೊಡ್ಡವನು.

ಮಧ್ಯಾಹ್ನದ ಬಿಸಿಲು. ರಸ್ತೆಯ ಪಕ್ಕದ ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಮಂಡಿಯ ಮೇಲೆ ಮುಖವಿಟ್ಟು ಕುಳಿತಿದ್ದೆ. ಬುಟ್ಟಿಯಲ್ಲಿ ಅರ್ಧ ಸೊಪ್ಪು. ದೂರದಿಂದ ಬಸ್ಸಿನ ಹಾರ್ನ್ ಒಂದೇ ಸಮನೆ ಕೇಳಿಸುತ್ತಿತ್ತು. ಒಳಕ್ಕೆ ಸರಿಯೋಣವೆಂದರೆ ಅದು ತೋಟದ ಮುಂದೆಯೇ ನಿಂತಿತು. ಮೆಟ್ಟಿಲ ಮೇಲೆ ನೇತಾಡುತ್ತ ಮುನಿಶಾಮಣ್ಣ ಕೂಗುತ್ತಿದ್ದ:

"ಏಳು, ಪಾಪಾ! ಏಳು ಕಣಮ್ಮಾ, ಏಳು!"

ಅಂಕಿ ಹೇಳುತ್ತಿದ್ದಾನೋ, ಎದ್ದೇಳು ಎನ್ನುತ್ತಿದ್ದಾನೋ ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿಯದು. ಕೇಳಿದಾಗ ಅವನೂ ಸರಿಯಾಗಿ ಹೇಳಲಿಲ್ಲ. ಅಂತೂ ಎದ್ದೆ. ಅವನ ಹಿಂದೆ ಇಳಿದ ಅಮ್ಮ ಸೆರಗಿನ ಗಂಟು ಬಿಚ್ಚಿ ಪೇಪರಿನ ಚೂರು ತೆಗೆದಳು. ಎಣ್ಣೆ ಹತ್ತಿದ ಚೂರು. ಅದರ ನಡುವೆ ಪೆನ್ಸಿಲಿನ ಸುತ್ತಿನೊಳಗೆ 17640. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ನಾನು ಅತ್ತೆ. ಅಮ್ಮ ಎಷ್ಟೆಲ್ಲ ಜಾಗ್ರತೆ ಮಾಡಿದ್ದರೂ ಏಳು ತನ್ನ ಕೆಲಸ ಮಾಡಿಯೇಬಿಟ್ಟಿತು ಎಂದು ಯಾರೋ ತೆಲುಗಿನಲ್ಲಿ ನಕ್ಕರು.

ಅಪ್ಪ ಮರುದಿನವೇ ನನ್ನನ್ನು ಕೋಲಾರಕ್ಕೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರು. ಅಂಕಪಟ್ಟಿ ಬಂದಾಗ ಗಣಿತದಲ್ಲಿ ನಲವತ್ತೊಂದು. ಮುನಿಶಾಮಣ್ಣ ಅದನ್ನು ನೋಡಿ, "ಮೊಂಡು ನಂಬರು ಬಂದೈತೆ. ಇನ್ಮೇಲೆ ನೀನು ಯಾರಿಗೂ ಬಗ್ಗಲ್ಲ" ಎಂದ.

ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಮೊದಲ ನೇಮಕ ಬೈರಕೂರಿನ ಶಾಲೆಗೆ. ಅವನ ಊರಿಗೇ! ಒಂದು ಶನಿವಾರ ಪಾಠ ಮಾಡುತ್ತಿದ್ದಾಗ ಕಿಟಕಿಯಾಚೆ ಖಾಕಿ ಅಂಗಿ ಕಾಣಿಸಿತು. ಏಳರ ಭಾಗಾಕಾರ ನಡೆಯುತ್ತಿತ್ತು. ಒಳಗೆ ಬಾ ಅಣ್ಣಾ ಎಂದು ಎಷ್ಟು ಕರೆದರೂ ಬರಲಿಲ್ಲ. "ನೀವು ನಡೆಸ್ರಮ್ಮಾ ಟೀಚರಮ್ಮ" ಎಂದು ಬಹುವಚನ ಹಚ್ಚಿ ನನ್ನನ್ನು ಅಳಿಸಿದ. ಪಾಠ ಮುಗಿಯುವವರೆಗೂ ಬಿಸಿಲಿನಲ್ಲಿ ನಿಂತೇ ಇದ್ದ. ಈಗ ಅವನಿಲ್ಲ, ಅಮ್ಮನೂ ಇಲ್ಲ. ನನ್ನ ಕೈಯಲ್ಲಿ ಕಲಿತವರು ಎಷ್ಟು ಜನವೋ ಎಣಿಸಿಲ್ಲ. ಅವರೆಲ್ಲರ ಲೆಕ್ಕದ ಋಣ ಆ ಬಸ್ಸಿನ ಮನುಷ್ಯನದು. ಇದನ್ನು ನಾನು ಪ್ರತಿ ಜೂನ್ ತಿಂಗಳಲ್ಲಿ ಮೊದಲ ದಿನದ ಪಾಠದಲ್ಲೇ ಮಕ್ಕಳಿಗೆ ಹೇಳುತ್ತಿದ್ದೆ.

ಆದರೆ ನಾನು ಹೇಳುತ್ತಿದ್ದ ಕಥೆಯಲ್ಲಿ ಮುನಿಶಾಮಣ್ಣ ನಾಯಕ, ಅಮ್ಮ ಹಾಸ್ಯಪಾತ್ರ. "ಆರೂ ಒಂದು" ಎಂದು ನಾನು ಅಮ್ಮನ ಧ್ವನಿಯಲ್ಲಿ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಮೂಢನಂಬಿಕೆ ಎಂಬ ಪಾಠಕ್ಕೂ ಅದೇ ಉದಾಹರಣೆ ಆಗುತ್ತಿತ್ತು. ಪಾಸಾದ ದಿನ ನಾನು ಅಮ್ಮನ ಮೇಲೆ ಹರಿಹಾಯ್ದದ್ದನ್ನು ಮಾತ್ರ ಮಕ್ಕಳಿಗೆ ಹೇಳುತ್ತಿರಲಿಲ್ಲ. "ಒಂದ್ ಸಲ ಏಳು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮೂರು ದಿನ ಸತ್ತು ಹುಟ್ಟಿದೀನಿ ಗೊತ್ತಾ?" ಎಂದು ಕೂಗಿದ್ದೆ. ಅಮ್ಮ ಹುಳುವಿಗೆ ಸೊಪ್ಪು ಹಾಕುತ್ತ, ನನ್ನ ಕಡೆ ತಿರುಗದೆ, "ನಿನ್ ನಂಬರಲ್ಲಿ ನಿಂತ್ಕೊಂಡು ಅಳು ಅಂತ ಹೆಂಗ್ ಹೇಳ್ಲಿ, ಪಾಪಾ?" ಎಂದಳು.

ಇವತ್ತು ಬೆಳಿಗ್ಗೆ ಕ್ಯಾಲೆಂಡರ್ ಚೂರನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಾಗ ಆ ಮಾತು ಮತ್ತೆ ಕೇಳಿಸಿತು. ಮುನಿಶಾಮಣ್ಣನ ಲೆಕ್ಕ ಆರಕ್ಕೆ ಬಂದು ನಿಂತಾಗ, ಅದನ್ನು ಬಿಡಿಸಿದವಳು ಅಮ್ಮನೇ ಅಲ್ಲವೇ? ಅವಳು ಅಲ್ಲಿ "ಆರೂ ಒಂದು" ಎನ್ನದೇ ಇದ್ದಿದ್ದರೆ ಆ ಚೀಟಿ ಸುಣ್ಣದ ಜೊತೆಯಲ್ಲೇ ಒಣಗಿಹೋಗುತ್ತಿತ್ತು. ತಪ್ಪೂ ಅವಳ ಬಾಯಿಂದಲೇ, ಪರಿಹಾರವೂ ಅವಳ ಬಾಯಿಂದಲೇ. ನಂಬರು ಕೆಟ್ಟಿತ್ತು, ಮೊತ್ತವನ್ನು ಅವಳು ಕೆಡಿಸಿರಲಿಲ್ಲ. ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟ ನನಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲು ಮುದುಕಿಯಾಗಬೇಕಾಯಿತು. ಅಮ್ಮನಿಗೆ ಒಂದು ಸಲವೂ ಒಳ್ಳೆಯ ಮಾತು ಹೇಳಲಿಲ್ಲವಲ್ಲ ಎಂದು ಕಣ್ಣು ತುಂಬಿತು.

ಫೋನ್ ಬಂತು. ಮೊಮ್ಮಗಳು.

"ಅಜ್ಜಿ, ಓದು. ನಿಧಾನಕ್ಕೆ."

ಓದಿದೆ. ಕನ್ನಡದಲ್ಲಿ, ಒಂದೊಂದೇ ಅಂಕಿ. ಐದು ಅಂಕಿ ಸರಾಗವಾಗಿ ಬಂದವು. ಆರನೆಯ ಅಂಕಿ ಏಳು. ಆ ಅಂಕಿಯನ್ನು ಕಪ್ಪು ಹಲಗೆಯ ಮುಂದೆ ಎಷ್ಟು ಸಾವಿರ ಸಲ ಹೇಳಿದ್ದೇನೋ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ನಾಳೆ ಪರೀಕ್ಷೆಗೆ ಕೂರುವ ಕೂಸು.

"ಆರೂ ಒಂದು" ಎಂದೆ.

"ಏನು? ಸಿಕ್ಸ್, ಒನ್ನಾ? ತಪ್ಪಾಗಿ ಬರ್ಕೊಂಡಿದ್ದೀಯ ಅಜ್ಜಿ! ಅಲ್ಲಿರೋದು ಸೆವೆನ್."

"ಸರಿಯಾಗೇ ಬರ್ಕೊಂಡಿದ್ದೀನಿ ಕಣೇ. ಆರೂ ಒಂದು ಎಷ್ಟಾಗತ್ತೆ?"

"ಏಳು."

"ಅದೇ. ನೀನೇ ಅಂದ್ಕೋ. ನಾನು ಅನ್ನಲ್ಲ."

"ಯಾಕಜ್ಜಿ? ಲೆಕ್ಕದ ಟೀಚರ್ ಆಗಿ ಏಳು ಅನ್ನಕ್ಕೆ ಬರಲ್ವಾ ನಿಂಗೆ?" ಅವಳಿಗೆ ನಗು ತಡೆಯಲಾಗಲಿಲ್ಲ. ನನ್ನನ್ನು ರೇಗಿಸಲೆಂದು ಫೋನಿನಲ್ಲಿ ಒಂದೇ ಸಮನೆ ಕೂಗತೊಡಗಿದಳು. "ಏಳು! ಏಳು ಅಜ್ಜೀ, ಏಳು!"

ಮಂಡಿಯ ಮೇಲೆ ಕೈಯೂರಿ ಎದ್ದೆ. ದೇವರ ಗೂಡಿನಲ್ಲಿ ಅಮ್ಮನ ಫೋಟೋ ಮುಂದೆ ಆ ಚೂರನ್ನು ಇಟ್ಟು, ಗಾಳಿಗೆ ಹಾರದ ಹಾಗೆ ಅದರ ಮೇಲೆ ಕುಂಕುಮದ ಬಟ್ಟಲನ್ನು ಏರಿಸಿದೆ.